ಮುಟ್ಟಿದ ಕಾಯಿ

ಕುಷ್ಟಗಿಯ ಸಂತೆಯೊಳಗೆ ಎರಡೂ ಕೈಗಳನ್ನು ಬೆನ್ನ ಹಿಂದೆ ಬಿಗಿಯಾಗಿ ಕಟ್ಟಿಕೊಂಡು, ಬದನೆಕಾಯಿಯ ರಾಶಿಯ ಮೇಲೆ ಬಾಗಿ, ಒಂದೊಂದು ಕಾಯಿಯನ್ನೂ ಕಣ್ಣಿನಿಂದಲೇ ಹಿಚುಕಿ ನೋಡುತ್ತಿರುವ ಎತ್ತರದ ಮುದುಕರೊಬ್ಬರನ್ನು ನೀವು ಕಂಡರೆ, ಅವರು ನನ್ನ ಅಕ್ಕನ ಗಂಡ ಈಶಪ್ಪನವರೆಂದು ತಿಳಿಯಿರಿ. ಕಂಡವರು ನಡುನೋವೆಂದು ಮರುಗುತ್ತಾರೆ. ಕಾರಣ ಬೇರೆ: ಮುಟ್ಟಿದರೆ ಕೊಳ್ಳಬೇಕಾಗುತ್ತದೆ. ಕೊಳ್ಳಲೇಬೇಕೆಂದು ಹೇಳಿದವರು ಯಾರು ಎಂದು ಕೇಳಬೇಡಿ. ಮೂವತ್ತು ವರ್ಷಗಳಿಂದ ನಾನು ಕೇಳಿ ಸೋತಿದ್ದೇನೆ. ಚದುರಂಗದಲ್ಲಿ ಒಂದು ನಿಯಮವುಂಟು. ನಿಮ್ಮ ಸರದಿಯಲ್ಲಿ ಯಾವ ಕಾಯಿಯನ್ನು ಮುಟ್ಟಿದಿರೋ ಅದನ್ನೇ ನಡೆಸಬೇಕು. ಮುಟ್ಟಿದ ಮೇಲೆ ಅಯ್ಯೋ ಇದಲ್ಲ ಎಂದು ಇನ್ನೊಂದಕ್ಕೆ ಕೈ ಹಾಕುವಂತಿಲ್ಲ. ಲೋಕದ ಅಸಂಖ್ಯ ಜನ ಈ ನಿಯಮವನ್ನು ಅರವತ್ನಾಲ್ಕು ಮನೆಗಳೊಳಗೆ ಪಾಲಿಸಿ, ಎದ್ದು, ಕೈ ತೊಳೆದು ಊಟಕ್ಕೆ ಹೋಗುತ್ತಾರೆ. ನಮ್ಮ ಮಾಮಾ ಮಾತ್ರ ಅದನ್ನು ಹಲಗೆಯಿಂದ ಎತ್ತಿ ತಂದು ಇಡೀ ಸಂಸಾರಕ್ಕೆ ಹಾಸಿದ್ದಾರೆ. "ಮುಟ್ಟೀನಲ್ಲ, ಇನ್ನ ನಡಸಬೇಕು" ಎಂಬುದು ಅವರ ಬಾಯಿಂದ ದಿನಕ್ಕೆ ನಾಲ್ಕು ಸಲವಾದರೂ ಬರುವ ಮಾತು.

ಅವರ ಕೋಟಿನ ಕಥೆಯೂ ಇಲ್ಲಿಂದಲೇ ಹುಟ್ಟುತ್ತದೆ. ಕಾಫಿಬಣ್ಣದ ದಪ್ಪ ಬಟ್ಟೆಯ, ಮೊಣಕೈಗಳಲ್ಲಿ ಎರಡೆರಡು ಸಲ ತೇಪೆ ಕಂಡ ಆ ಕೋಟು, ವೈಶಾಖದ ಬಿಸಿಲಿಗೆ ಡಾಂಬರು ಚಪ್ಪಲಿಗೆ ಅಂಟುವ ದಿನಗಳಲ್ಲೂ ಅವರ ಹೆಗಲಿನಿಂದ ಇಳಿಯುವುದಿಲ್ಲ. ನಿವೃತ್ತ ಭೂಮಾಪಕರ ಠೀವಿಯೆಂದು ಹೊರಗಿನವರು ಭಾವಿಸುತ್ತಾರೆ. ಅದು ಇರುವುದು ಜೇಬುಗಳಿಗಾಗಿ ಎಂಬುದು ಮನೆಯವರಿಗಷ್ಟೇ ಗೊತ್ತು. ಮಣಿಕಟ್ಟು ಮುಳುಗುವಷ್ಟು ಆಳದ ಎರಡು ಜೇಬುಗಳನ್ನು ದರ್ಜಿಗೆ ಹೇಳಿ ಹೊಲಿಸಿಕೊಂಡಿದ್ದಾರೆ. ಸಂತೆಯ ರಾಶಿಗಳ ಮೇಲೆ ಬಾಗುವಾಗ ಬೆನ್ನ ಹಿಂದೆ ಇರುವ ಎರಡೂ ಕೈಗಳು, ಚದುರಂಗದ ಮುಂದೆ ಕೂತಾಗ, ಅಂಗಡಿಗೆ ಹೋದಾಗ, ಯಾರದೋ ಹೊಲದ ಜಗಳಕ್ಕೆ ಹಿರಿಯರಾಗಿ ಹೋದಾಗ ಆ ಜೇಬುಗಳೊಳಗೆ ವಾಸ ಮಾಡುತ್ತವೆ. ನಿರ್ಧಾರ ಪಕ್ವವಾದ ಮೇಲೆ ಬಲಗೈಯೊಂದೇ ಹೊರಗೆ ಬರುತ್ತದೆ. ಇನ್ನು ನಡಿಗೆ. ಮೂವತ್ನಾಲ್ಕು ವರ್ಷ ಯಲಬುರ್ಗಾ, ಕುಷ್ಟಗಿ ಸೀಮೆಯ ಎರೆಹೊಲಗಳಲ್ಲಿ ಸರಪಳಿ ಎಳೆಸಿದವರ ಕಾಲು ಅದು. ಪ್ರತಿ ಹೆಜ್ಜೆಯೂ ಹಿಂದಿನದರಷ್ಟೇ ಉದ್ದ, ನಡುವೆ ಮಾತಾಡಿಸಿದರೆ ಉತ್ತರವಿಲ್ಲ, ಎಣಿಕೆ ತಪ್ಪೀತೆಂದು. ಬಸ್‌ಸ್ಟ್ಯಾಂಡಿನಿಂದ ಅವರೊಡನೆ ಮನೆಗೆ ನಡೆದು ಬಂದವನಿಗೆ ಲೋಕಾಭಿರಾಮದ ಬದಲು ಬಾಗಿಲಲ್ಲಿ "ಎಂಟುನೂರಾ ಹನ್ನೆರಡು" ಎಂಬ ಒಂದೇ ಮಾತು ದಕ್ಕುತ್ತದೆ.

ಇಂಥ ಮನುಷ್ಯ ಪೇಟೆಯವರಿಗೆ ಹಬ್ಬವಲ್ಲದೆ ಇನ್ನೇನು? ತರಕಾರಿಯ ಶಾಂತಕ್ಕ ಇವರನ್ನು ದೂರದಲ್ಲಿ ಕಂಡೊಡನೆ, ಬೆಳಗಿನಿಂದ ಯಾರೂ ಕೇಳದ ಕುಂಬಳಕಾಯಿಯನ್ನು ಎತ್ತಿ ತೊಡೆಯ ಮೇಲಿಟ್ಟುಕೊಳ್ಳುತ್ತಿದ್ದಳು. "ಸಾಹೇಬ್ರ, ಇದನ್ನೀಟು ಹಿಡ್ಕೊಳ್ರಿ, ಸೆರಗ ಸರಿ ಮಾಡ್ಕೊಂತೀನಿ" ಎಂದರೆ ಆಯಿತು. ಕೈಗಳು ಮುಂದೆ ಬರುತ್ತಿದ್ದವು, ಕುಂಬಳಕಾಯಿ ನಮ್ಮದಾಗುತ್ತಿತ್ತು. ಒಂದು ಶ್ರಾವಣದಲ್ಲಿ ನಮ್ಮಕ್ಕ ಶೇಖರಮ್ಮ ಹನ್ನೊಂದು ದಿನ ಎಡೆಬಿಡದೆ ಕುಂಬಳಕಾಯಿಯ ಪಲ್ಯ, ಸಾರು, ಕಡಬು ಮಾಡಿ, ಹನ್ನೆರಡನೆಯ ದಿನ ತಾನೇ ಸಂತೆಗೆ ಹೋಗಿ, "ನನ್ನ ಗಂಡಗ ಇನ್ನೊಮ್ಮೆ ಏನರ ಹಿಡಿಸಿದಿ ಅಂದ್ರ ನಿನ್ನ ತಕ್ಕಡಿ ಹೊತಗೊಂಡ ಹೋಗ್ತೀನಿ ನೋಡು" ಎಂದು ಹೇಳಿಬಂದಳು. ಮಾಮಾಗೆ ಇದರಲ್ಲಿ ಮೋಸವೇನೂ ಕಾಣಲಿಲ್ಲ. "ಆಕಿ ಹಿಡೀರಿ ಅಂದ್ಲು. ಹಿಡದಾವ ನಾನು" ಎಂದು ಕಡಬನ್ನು ಮುರಿದು ಬಾಯಿಗೆ ಹಾಕಿಕೊಂಡರು.

ನಾನು ಕೊಪ್ಪಳದ ಕಾಲೇಜೊಂದರಲ್ಲಿ ಇತಿಹಾಸ ಪಾಠ ಹೇಳುವವನು. ಸ್ವಭಾವತಃ ತಾಳ್ಮೆಯವನೆಂದು ಹೆಸರಿದೆ. ಆ ತಾಳ್ಮೆ ಎಂಟು ವರ್ಷಗಳ ಹಿಂದೆ ಒಂದು ಮಧ್ಯಾಹ್ನ ನನ್ನನ್ನು ಬಿಟ್ಟುಹೋಯಿತು. ಯಲಬುರ್ಗಾದಲ್ಲಿ ನಮ್ಮ ಚಿಕ್ಕಪ್ಪನ ಮಗಳ ಕುಬಸ, ಅಂದರೆ ಸೀಮಂತ. ಅಕ್ಕ ಎರಡು ದಿನ ಮೊದಲೇ ಹೋಗಿದ್ದಳು. ಉಡಿ ತುಂಬುವ ಸಾಮಾನಿನ ಚೀಲ, ಅದರೊಳಗೆ ಹಸಿರು ಬಳೆ, ಸೀರೆ, ಐದು ತೆಂಗಿನಕಾಯಿ, ಇವುಗಳೊಡನೆ ಮಾಮಾನನ್ನು ಕುಷ್ಟಗಿಯಿಂದ ಕರೆದುಕೊಂಡು ಹೋಗುವ ಹೊಣೆ ನನ್ನದು. ನಾನು ನೀರಿನ ಬಾಟಲಿ ಕೊಂಡು ತಿರುಗುವಷ್ಟರಲ್ಲಿ ಮಹಾಶಯರು ಗಂಗಾವತಿಯ ಬಸ್ಸಿನ ಮೆಟ್ಟಿಲೇರಿ ಸೀಟು ಹಿಡಿದಿದ್ದರು. ನಾನು ಓಡಿ ಹತ್ತಿ, ಇದು ನಮ್ಮ ಬಸ್ಸಲ್ಲವೆಂದು ಹೇಳಿದೆ. ಕಂಡಕ್ಟರೂ ಹೇಳಿದ. ಮುಂದಿನ ಸ್ಟಾಪಿನಲ್ಲಿ ಇಳಿಸುತ್ತೇನೆಂದ. "ಕಾಲಿಟ್ಟಾಗೈತೆಲ್ಲ ಕೊಟ್ರೇಶ, ಕುಂದರು" ಎಂದರು ಮಾಮಾ. ತಾವರಗೇರಾ ಬಂತು, ಹೋಯಿತು. ಕನಕಗಿರಿ ಬಂತು, ಹೋಯಿತು. ಅತ್ತ ಯಲಬುರ್ಗಾದಲ್ಲಿ ಬಸುರಿಯನ್ನು ಮಣೆಯ ಮೇಲೆ ಕೂರಿಸಿ ನಮ್ಮ ಚೀಲಕ್ಕಾಗಿ ಕಾಯುತ್ತಿದ್ದರು, ಇತ್ತ ನಾನು ಆ ಚೀಲವನ್ನು ಅಪ್ಪಿಕೊಂಡು ಭತ್ತದ ಗದ್ದೆಗಳನ್ನು ನೋಡುತ್ತ ಗಂಗಾವತಿಗೆ ಬಂದಿಳಿದೆ.

ಹಿಂದಿರುಗುವ ಬಸ್ಸಿಗೆ ಇನ್ನೂ ಹೊತ್ತಿತ್ತು. ಬಿಸಿಲಿಗೆ ಹೆದರಿ ಶಾಮೀದಸಾಬರೆಂಬವರ ಅಂಗಡಿಯ ನೆರಳಿಗೆ ನಿಂತೆವು. ಟೈಲ್ಸು, ಬೇಸಿನ್ನು, ನಲ್ಲಿಗಳ ದೊಡ್ಡ ಅಂಗಡಿ ಅದು. ಅಕ್ಕಿ ಗಿರಣಿಯವರ ಹೊಸ ಮನೆಗಳ ಗಾಜಿನ ಕಪಾಟುಗಳನ್ನು ತುಂಬಲೆಂದು ಟೈಲ್ಸಿನ ಲಾರಿಯಲ್ಲೇ ಬರುವ ಪಿಂಗಾಣಿಯ ಹಂಸಗಳು, ಹೂದಾನಿಗಳು, ನಗುವ ಮುದುಕರ ಬೊಂಬೆಗಳು ಮುಂಭಾಗದ ಷೋಕೇಸಿನಲ್ಲಿ ತುಂಬಿದ್ದವು. ಅವುಗಳ ನಡುವೆ ಪಿಂಗಾಣಿಯದೇ ಚದುರಂಗದ ಕಾಯಿಗಳ ಒಂದು ಸೆಟ್ಟು. ಮಾಮಾ ಜೇಬಿನಲ್ಲಿ ಕೈಯಿಟ್ಟುಕೊಂಡೇ ಬಾಗಿ ನೋಡುತ್ತಿದ್ದರು. ಆ ಗಳಿಗೆಯಲ್ಲೇ ಗಿರಣಿಯ ಸಾಹುಕಾರ್ತಿಯೊಬ್ಬಳು ಮೇಲಿನ ಹೂದಾನಿಯನ್ನೆಳೆಯಬೇಕೆ, ಕೆಂಪು ಕುದುರೆಯೊಂದು ಗಾಜಿನ ಅಂಚಿನಿಂದ ಜಾರಬೇಕೆ, ಮಾಮಾರ ಬಲಗೈ ಜೇಬಿನಿಂದ ಹಾರಿಬಂದು ಅದನ್ನು ನೆಲಕ್ಕೆ ಗೇಣಿರುವಾಗ ಹಿಡಿಯಬೇಕೆ! ಅಂಗಡಿಯವರೆಲ್ಲ ಭಲೇ ಎಂದರು. ನಾನೊಬ್ಬ ನನ್ನ ಪರ್ಸನ್ನು ತಡಕಿ ನೋಡಿಕೊಂಡೆ.

"ಎಷ್ಟ್ರಿ ಇದಕ?" ಎಂದರು ಮಾಮಾ.

ಬೆಲೆ ಕೇಳಿ ನಾನು ಮಾರಾಟಕ್ಕಿಟ್ಟಿದ್ದ ಕಮೋಡಿನ ಮುಚ್ಚಳದ ಮೇಲೆ ಕುಳಿತುಬಿಟ್ಟೆ. ಶಾಮೀದಸಾಬರೇ ಕೈಮುಗಿದರು. "ಸಾಹೇಬ್ರ, ನೀವ ಹಿಡೀಲಿಲ್ಲಂದ್ರ ಅದು ಚೂರಾಗಿ ಹೋಗತಿತ್ತು. ನಾನ ನಿಮಗ ಚಾ ಕುಡಸಬೇಕು. ಕೊಳ್ಳೂದ್ಯಾಕ್ರಿ?"

"ಮುಟ್ಟೀನಲ್ರಿ."

"ಬೀಳೂದನ್ನ ಹಿಡದ್ರ ಮುಟ್ಟಿದಂಗಲ್ಲ ಮಾಮಾ" ಎಂದೆ ನಾನು, ಅಳುವ ದನಿಯಲ್ಲಿ.

"ಮತ್ತ ಕೈಯಿಲ್ಲದ ಹಿಡದ್ನೇನು?" ಎಂದರು. ಮೂವತ್ತೆರಡು ಕಾಯಿಗಳನ್ನು ಹಳೆಯ ಪೇಪರಿನಲ್ಲಿ ಸುತ್ತಿ, ಕುಬಸದ ಸೀರೆಯ ಮಡಿಕೆಯೊಳಗೆ ಹುದುಗಿಸಿಕೊಂಡು, ನಾವು ಕುಷ್ಟಗಿಗೆ ಹಿಂದಿರುಗಿದೆವು.

ಸಿಟ್ಟಿನಲ್ಲಿದ್ದರೂ ಒಪ್ಪಿಕೊಳ್ಳಬೇಕು, ಕಾಯಿಗಳು ಚೆಲುವಾಗಿದ್ದವು. ಪ್ರಾಚೀನ ಗ್ರೀಸು, ರೋಮುಗಳ ಶಿಲ್ಪಗಳಿಗೆ ಮನಸೋತು ಯುರೋಪಿನವರು ಇನ್ನೂರೈವತ್ತು ವರ್ಷಗಳ ಹಿಂದೆ ಬೆಳೆಸಿದ ನವ-ಅಭಿಜಾತ ಶೈಲಿಯೆಂದು ನಾನು ತರಗತಿಯಲ್ಲಿ ಚಿತ್ರ ತೋರಿಸಿ ಹೇಳುತ್ತಿದ್ದುದರ ಅನುಕರಣೆ ಆ ಪುಟ್ಟ ದಂಡಿನಲ್ಲಿತ್ತು. ಒಂದು ಪಕ್ಷ ಹಾಲುಬಿಳುಪಿನ ಹೊಳಪಿನದು, ಇನ್ನೊಂದು ಹೊಳಪಿಲ್ಲದ ಇಟ್ಟಿಗೆಗೆಂಪಿನದು. ರಾಜನಿಗೆ ಗುಂಗುರು ಗಡ್ಡ, ತಲೆಗೆ ಎಲೆಗಳ ಮಾಲೆ, ಒಂದು ಹೆಗಲಿನಿಂದ ಪಾದದವರೆಗೆ ನಿರಿನಿರಿಯಾಗಿ ಇಳಿದ ವಸ್ತ್ರ, ಇನ್ನೊಂದು ಹೆಗಲು ಬರಿದು. ಆನೆಯ ಜಾಗದಲ್ಲಿ, ತಲೆಯ ಮೇಲೆ ಟಗರಿನ ಕೊಂಬಿನಂತೆ ಎರಡು ಸುರುಳಿಗಳಿದ್ದ, ಮೈತುಂಬ ಗೀರುಗಳ ಕಂಬ. ಕುದುರೆಗೆ ಅಲೆಯಲೆಯಾದ ಕೇಸರ. ಪದಾತಿಗಳಿಗೆ ಹುಂಜದ ಜುಟ್ಟಿನ ಶಿರಸ್ತ್ರಾಣ. ನಮ್ಮಲ್ಲಿ ಮಂತ್ರಿಯೆನ್ನುವ ಕಾಯಿ ಅವರಲ್ಲಿ ರಾಣಿ. ಸೊಂಟಕ್ಕೆ ಬಳುಕು ಕೊಟ್ಟು, ಬರಿಗೈಯಲ್ಲಿ, ನಿರಿಗಳ ನಡುವೆ ನಿಂತಿದ್ದಳು. ನಮ್ಮ ಒಂಟೆಯ ಜಾಗದಲ್ಲಿ ಅಷ್ಟೇ ಎತ್ತರದ, ಅಂಥದೇ ಬಳುಕಿನ, ಅಂಥದೇ ನಿರಿಗಳ, ಗಡ್ಡವಿಲ್ಲದ ಒಬ್ಬ ಪಂಡಿತ. ಅವನ ಕೈಯಲ್ಲಿ ಒಂದು ಓಲೆಯ ಸುರುಳಿ. ಆ ಸುರುಳಿಯೊಂದೇ ಅವನಿಗೂ ರಾಣಿಗೂ ಇದ್ದ ಭೇದ.

ನಮ್ಮಕ್ಕ ಯಲಬುರ್ಗಾದಿಂದ ಬಂದು ಮೊದಲು ಬಸ್ಸಿನ ವಿಷಯಕ್ಕೆ ಬೈದು ಮುಗಿಸಿ, ಆಮೇಲೆ ಇವರನ್ನು ನೋಡಿದಳು. "ಏನ್ರೀ ಇವ್ರು, ಎಲ್ಲಾರೂ ಈಗ ಜಳಕ ಮಾಡಿ ಎದ್ದ ಬಂದಂಗ ಅದಾರ. ಒಬ್ಬರ ಮೈಮ್ಯಾಲೂ ನೆಟ್ಟಗ ಅಂಗಿಲ್ಲ" ಎಂದಳು. ಎಲೆಮಾಲೆಯ ರಾಜನನ್ನು ಎತ್ತಿ ಹಿಡಿದು, "ಈತಗ ಅಮ್ಮ ಬಂದಿದ್ಲೇನು, ತಲಿಗೆ ಬೇವಿನೆಲಿ ಸುತ್ಯಾರಲ್ಲ" ಎಂದು ಕೇಳಿ, ಉತ್ತರಕ್ಕೆ ಕಾಯದೆ ಒಳಗೆ ಹೋದಳು. ಆದರೂ ಪ್ರತಿ ಯುಗಾದಿಗೆ ಅವರಿಗೆಲ್ಲ ನಿಜವಾಗಿಯೂ ಜಳಕ ಮಾಡಿಸುವವಳು ಆಕೆಯೇ. ಎರಡನೆಯ ಯುಗಾದಿಯಲ್ಲಿ ಬಿಳಿಯ ಒಂಟೆಯೊಂದು ಸಾಬೂನು ಕೈಯಿಂದ ಜಾರಿತು. ಸುರುಳಿ ಹಿಡಿದಿದ್ದ ಕೈ ಮುರಿದು ಬಚ್ಚಲಿನ ಪಾಲಾಯಿತು. ಮುರಿದ ಜಾಗ ನಿರಿಗಳಲ್ಲಿ ಸೇರಿಹೋಗಿ, ಆ ಪಂಡಿತ ಈಗ ಥೇಟು ರಾಣಿಯಂತೆಯೇ ಕಾಣತೊಡಗಿದ. ಎಂ-ಸೀಲಿನಲ್ಲಿ ಹೊಸ ಕೈಯೊಂದನ್ನು ಮಾಡಿ ಅಂಟಿಸೋಣವೆಂದು ನಾನು ಕೊಪ್ಪಳದಿಂದ ತಂದುಕೊಟ್ಟೆ. ಮಾಮಾ ಒಪ್ಪಲಿಲ್ಲ. "ಮುರದದ್ದು ಮುರದೈತಿ. ಅಂಟಿಸಿದ್ರ ಮುರದಿಲ್ಲ ಅಂತ ಸುಳ್ಳ ಹೇಳಿದಂಗ." ಅಲ್ಲಿಂದ ಮುಂದೆ ಕೈಯಿಲ್ಲದವನೂ ಒಂಟೆಯೇ ಎಂಬುದು ನಮ್ಮ ಮನೆಮಂದಿಗೆಲ್ಲ ಬಾಯಿಪಾಠವಾಯಿತು, ಮನೆಯ ಹೊರಗಿನವರಿಗೆ ಅದನ್ನು ಹೇಳುವ ಪ್ರಸಂಗವೇ ಬರಲಿಲ್ಲ.

ನನ್ನ ಮಗಳು ಶ್ವೇತಾ ಆಟ ಕಲಿತದ್ದು ಆ ಕಾಯಿಗಳ ಮೇಲೆ. ರಜೆ ಬಂತೆಂದರೆ ಕುಷ್ಟಗಿ. ಎಂಟು ವರ್ಷದ ಕೂಸು ತಪ್ಪಿ ಮಂತ್ರಿಯನ್ನು ಮುಟ್ಟಿ, ಅದನ್ನು ಕಳೆದುಕೊಂಡು, ಹಲಗೆಯ ಮೇಲೆ ಕಣ್ಣೀರು ಸುರಿಸುತ್ತಿದ್ದರೆ, ಎದುರಿಗೆ ಈ ಮನುಷ್ಯ ಜೇಬಿನಲ್ಲಿ ಕೈಯಿಟ್ಟುಕೊಂಡು ಕಲ್ಲಿನಂತೆ ಕೂತಿರುತ್ತಿದ್ದರು. ಒಂದೇ ಒಂದು ನಡೆಯನ್ನಾದರೂ ಹಿಂದಕ್ಕೆ ಕೊಟ್ಟವರಲ್ಲ. "ಕೈಗಿಂತ ಮೊದಲ ಕಣ್ಣು ಹೋಗಬೇಕವ್ವಾ" ಎಂಬುದಷ್ಟೇ ಅವರ ಪಾಠ, ಅಷ್ಟೇ ಅವರ ಸಾಂತ್ವನ. ನಾನು ಎಷ್ಟೋ ಸಲ ಮಗಳನ್ನು ಎತ್ತಿಕೊಂಡು ಹೊರಟುಬಿಡಬೇಕೆಂದುಕೊಂಡೆ. ಅವಳೇ ಬಿಡಲಿಲ್ಲ. ಹದಿಮೂರು ತುಂಬುವಷ್ಟರಲ್ಲಿ ಕೊಪ್ಪಳದಲ್ಲಿ ಅವಳೆದುರು ಕೂರಲು ದೊಡ್ಡವರೂ ಹಿಂಜರಿಯುತ್ತಿದ್ದರು.

ಕಳೆದ ಡಿಸೆಂಬರಿನಲ್ಲಿ ಜಿಲ್ಲೆಯ ಮಕ್ಕಳಿಗೆ ಕೊಪ್ಪಳದಲ್ಲಿ ಪಂದ್ಯಾವಳಿ ನಡೆಯಿತು. ನಮ್ಮೂರಿನ ಆಟದ ಬಳಗವೊಂದರ ರವಿಕುಮಾರ ಎಂಬ ಉತ್ಸಾಹಿ ಯುವಕ ಅದರ ರೂವಾರಿ. ಹೆಣ್ಣುಮಕ್ಕಳ ವಿಭಾಗದಲ್ಲಿ ಗೆದ್ದ ಒಬ್ಬಳಿಗೆ, ಒಬ್ಬಳಿಗೆ ಮಾತ್ರ, ರಾಜ್ಯಮಟ್ಟದ ಆಟಕ್ಕೆ ಪ್ರವೇಶ. ಜೊತೆಗೆ ಹುಬ್ಬಳ್ಳಿಯ ತರಬೇತುದಾರರೊಬ್ಬರ ಬಳಿ ಒಂದು ವರ್ಷದ ಕಲಿಕೆ. ಎರಡು ವರ್ಷಗಳಿಂದ ನನ್ನ ಮಗಳು ಇದೊಂದನ್ನೇ ಧ್ಯಾನಿಸುತ್ತಿದ್ದಳು. ತೀರ್ಪುಗಾರರು ಯಾರೆಂದು ಪ್ರಶ್ನೆಯೇ ಇರಲಿಲ್ಲ. ಈಶಪ್ಪ ನೆಟ್ಟ ಗಡಿಗಲ್ಲನ್ನು ಇಬ್ಬರೂ ವೈರಿಗಳು ಒಪ್ಪುತ್ತಾರೆಂಬುದು ಇಡೀ ಜಿಲ್ಲೆಗೆ ಗೊತ್ತಿದ್ದ ಮಾತು. ಸೊಸೆಯಂಥ ಹುಡುಗಿಯೇ ಆಡುತ್ತಿದ್ದಾಳೆಂದು ಯಾರೋ ಆಕ್ಷೇಪ ಎತ್ತಿದ್ದಕ್ಕೆ, "ಅದ ಆಕಿ ದುರ್ದೈವ" ಎಂದು ಇನ್ನಾರೋ ನಕ್ಕರಂತೆ.

ಕೊನೆಯ ಆಟಕ್ಕೆ ಉಳಿದವರು ಶ್ವೇತಾ ಮತ್ತು ಬೇವೂರಿನ ಅನುಸೂಯಾ. ಅನುಸೂಯಾಳ ತಾಯಿ ಹುಲಿಗವ್ವ ಕೂಲಿಯ ಕೆಲಸದವಳು. ಆಟವಿದ್ದ ದಿನಗಳಲ್ಲೆಲ್ಲ ಕೂಲಿ ಬಿಟ್ಟು ಮಗಳ ಜೊತೆ ಬಂದು ಗೋಡೆಗೊರಗಿ ಕೂರುತ್ತಿದ್ದಳು. ಹುಡುಗಿ ಆ ಊರಿನ ಶಾಲೆಯಲ್ಲಿ ಸೋಡಾ ಬಾಟಲಿಯ ಮುಚ್ಚಳಗಳ ಮೇಲೆ ಮೊಳೆಯಿಂದ ರಾ, ಮಂ, ಒಂ, ಕು ಎಂದು ಗೀಚಿಕೊಂಡು ಆಟ ಕಲಿತವಳು. ಪ್ಲಾಸ್ಟಿಕ್ಕಿನ ಕಾಯಿಗಳನ್ನು ಹಿಡಿದದ್ದೇ ಈಚೆಗೆ. ಅಲ್ಲಿಯವರೆಗೆ ಎಲ್ಲ ಆಟಗಳೂ ಪ್ಲಾಸ್ಟಿಕ್ಕಿನ ಕಾಯಿಗಳಲ್ಲೇ ನಡೆದಿದ್ದವು. ಮರುದಿನ ಕೊನೆಯ ಆಟದ ಚಿತ್ರ ತೆಗೆಯಲು ಪತ್ರಿಕೆಯವರು ಬರುತ್ತಾರೆಂದಾಗ ನಾನು ರವಿಕುಮಾರನಿಗೆ, "ನಮ್ಮ ಮಾಮಾನ ಕಡೆ ಪಿಂಗಾಣಿ ಕಾಯಿ ಅದಾವ. ಅವನ್ನ ಇಟ್ರ ಫೋಟೊ ಭಾಳ ಛಲೋ ಬರ್ತೈತಿ" ಎಂದೆ. ಅವನು ಹಿಗ್ಗಿ ಮಾಮಾರನ್ನು ಕೇಳಿದ. ಮಾಮಾ ಜೇಬಿನಲ್ಲಿ ಕೈಯಿಟ್ಟುಕೊಂಡೇ "ಹೂಂ" ಎಂದು, ಮರುದಿನ ಕುಷ್ಟಗಿಯಿಂದ ಕಾಯಿಗಳನ್ನು ತಂದರು.

ಆಟಕ್ಕೆ ಮುನ್ನ ಅವರು ಅನುಸೂಯಾಳಿಗೆ ಒಂದೊಂದು ಬಗೆಯ ಕಾಯಿಯನ್ನೂ ಪರಿಚಯ ಮಾಡಿಕೊಟ್ಟರು. "ಕೈಯಾಗ ಸುರುಳಿ ಹಿಡದಾವ ಒಂಟಿ. ಬರಿಗೈಲೆ ನಿಂತಾಕಿ ಮಂತ್ರಿ. ತಿಳೀತಿಲ್ಲವ್ವಾ?" ಹುಡುಗಿ ತಲೆಯಾಡಿಸಿದಳು. ಅವಳದು ಬಿಳಿ, ಶ್ವೇತಾಳದು ಕೆಂಪು. ಎರಡು ತಾಸು ಕಳೆದರೂ ಆಟ ಯಾರ ಕಡೆಗೂ ವಾಲಲಿಲ್ಲ. ಬೇವೂರಿನ ಹುಡುಗಿ ಅಸಾಧ್ಯಳು. ಗುಬ್ಬಿಯಂತಿದ್ದವಳು ಗಿಡುಗದಂತೆ ಆಡುತ್ತಿದ್ದಳು. ನನ್ನ ಮಗಳ ಹಣೆಯಲ್ಲಿ ಬೆವರು ಕಂಡೆ. ಆಗ ಅನುಸೂಯಾ ಕೈಚಾಚಿ ಬಿಳಿಯ ಕಾಯಿಯೊಂದನ್ನು ಎತ್ತಿ ನೇರವಾಗಿ ನಾಲ್ಕು ಮನೆ ಮುಂದಕ್ಕೆ ಒಯ್ದಳು. ನೇರ ನಡೆಯುವುದು ಮಂತ್ರಿ. ಅವಳು ಎತ್ತಿದ್ದು ಕೈಮುರಿದ ಒಂಟೆ, ಓರೆಯಾಗಿಯೇ ನಡೆಯಬೇಕಾದದ್ದು.

"ಅದು ಒಂಟಿ" ಎಂದಳು ಶ್ವೇತಾ, ಮೆಲ್ಲಗೆ.

ಅನುಸೂಯಾ ತನ್ನ ಕೈಯೊಳಗಿನ ಕಾಯಿಯನ್ನು ನೋಡಿದಳು, ಹಲಗೆಯ ಇನ್ನೊಂದು ಬದಿಯಲ್ಲಿದ್ದ ರಾಣಿಯನ್ನು ನೋಡಿದಳು. ಆ ಒಂಟೆ ಜಾಗ ಬಿಟ್ಟು ಕದಲಿದರೆ ಅವಳ ರಾಜನ ಕೋಟೆ ಬಯಲಾಗುತ್ತಿತ್ತು, ಮೂರೇ ನಡೆಯಲ್ಲಿ ಆಟ ನಮ್ಮದಾಗುತ್ತಿತ್ತು. ಅವಳಿಗೂ ಅದು ಕಂಡಿತ್ತು. "ಮುಟ್ಟೀನ್ರಿ ಸರ" ಎಂದಳು. "ಒಂಟೀನ ನಡಸ್ತೀನಿ."

ನೋಡಿ, ಅವಳೇ ಒಪ್ಪಿದ್ದಳು. ಮೂವತ್ತು ವರ್ಷ ನಮ್ಮ ತಲೆ ತಿಂದ ನಿಯಮ, ಕುಂಬಳಕಾಯಿಗೆ, ಬಸ್ಸಿಗೆ, ಬೀಳುವ ಕುದುರೆಗೆ ವಿನಾಯಿತಿ ಕೊಡದ ನಿಯಮ, ಹುಟ್ಟಿದಾಗಿನಿಂದ ಮೊದಲ ಸಲ ನಮ್ಮ ಮನೆಗೆ ಒಂದು ಉಪಕಾರ ಮಾಡಲು ಹೊರಟಿತ್ತು. ಆಗ ಮಾಮಾರ ಎರಡೂ ಕೈಗಳು ಜೇಬುಗಳಿಂದ ಹೊರಗೆ ಬಂದವು. ಅವರು ಕಾಯಿಯನ್ನು ಹುಡುಗಿಯ ಕೈಯಿಂದ ತೆಗೆದುಕೊಂಡು, ಕಿಟಕಿಯ ಬೆಳಕಿಗೆ ಹಿಡಿದು, ಮುರಿದ ಜಾಗವನ್ನು ಹೆಬ್ಬೆರಳಿನಿಂದ ಸವರಿದರು.

"ನಿಂದ್ರವ್ವಾ. ಕಾಯಿ ತಪ್ಪೈತಿ, ನಿಂದು ತಪ್ಪಿಲ್ಲ. ಸುರುಳಿ ಹಿಡದಾವ ಒಂಟಿ ಅಂತ ಹೇಳಿದಾವ ನಾನು. ಇವನ ಕೈಯಾಗ ಸುರುಳಿ ಎಲ್ಲೈತಿ? ಇವನ್ನ ತಂದು ಇಟ್ಟಾವನೂ ನಾನ. ತಪ್ಪು ನಂದು."

ಪ್ಲಾಸ್ಟಿಕ್ಕಿನ ಕಾಯಿಗಳನ್ನು ತರಿಸಿ, ಇದ್ದ ಜಾಗಗಳಲ್ಲೇ ಒಂದೊಂದನ್ನೂ ಇಟ್ಟು, ಆ ನಡೆಯನ್ನು ಅವಳು ಹೊಸದಾಗಿ ಆಡಬಹುದೆಂದು ತೀರ್ಪು ಕೊಟ್ಟರು. ನನಗೆ ತಡೆಯಲಾಗಲಿಲ್ಲ, ಜನರ ನಡುವೆ ಎದ್ದು ನಿಂತೆ. "ಮಾಮಾ, ಮುಟ್ಟಿದ ಕಾಯಿ ನಡಸಬೇಕು. ಆ ಹುಡುಗೀನ ಒಪ್ಯಾಳ. ನೀವ ಜೀವಮಾನ ಇದನ್ನ ಹೇಳೀರಿ."

ಅವರು ತಿರುಗಿ ನನ್ನನ್ನು ನೋಡಿದರು, ಹೊಲದ ಆ ತುದಿಯಲ್ಲಿ ನೆಟ್ಟ ಕೋಲನ್ನು ನೋಡುವ ಹಾಗೆ. "ಕುಂದರು ಕೊಟ್ರೇಶ" ಎಂದರು. ಕೈಮುರಿದ ಪಂಡಿತನನ್ನು ಕೋಟಿನ ಜೇಬಿಗೆ ಹಾಕಿಕೊಂಡರು. ಅನುಸೂಯಾ ಮಂತ್ರಿಯನ್ನು ನಡೆಸಿದಳು. ಅಲ್ಲಿಂದ ಹತ್ತೊಂಬತ್ತನೆಯ ನಡೆಗೆ ನನ್ನ ಮಗಳು ಸೋತಳು.

ಇದಕ್ಕೆ ಏನೆನ್ನುತ್ತೀರಿ? ಹನ್ನೊಂದು ದಿನ ಕುಂಬಳಕಾಯಿ ತಿನ್ನಿಸಿದ ಮನುಷ್ಯ, ಬಸುರಿಯನ್ನು ಮಣೆಯ ಮೇಲೆ ಕಾಯಿಸಿದ ಮನುಷ್ಯ, ಎಂಟು ವರ್ಷದ ಕೂಸಿನ ಕಣ್ಣೀರಿಗೆ ಕರಗದ ಮನುಷ್ಯ, ಇಡೀ ಬದುಕಿನಲ್ಲಿ ಒಂದೇ ಒಂದು ಸಲ ನಿಯಮವನ್ನು ಸಡಿಲಿಸಿದರು. ಅದೂ ಎಲ್ಲಿ, ಬಿಗಿ ಹಿಡಿದಿದ್ದರೆ ನಮಗೆ ಒಳ್ಳೆಯದಾಗುತ್ತಿದ್ದ ಒಂದೇ ಒಂದು ಜಾಗದಲ್ಲಿ. ಹಿತ್ತಲ ಗಿಡ ಮದ್ದಲ್ಲವೆಂಬ ಗಾದೆ ಕೇಳಿದ್ದೆ. ಹಿತ್ತಲ ಗಿಡವೇ ಮುಳ್ಳಾಗುವುದನ್ನು ಅಂದು ಕಂಡೆ. ಮೂರು ತಿಂಗಳು ನಾನು ಕುಷ್ಟಗಿಗೆ ಫೋನು ಮಾಡಲಿಲ್ಲ. ಕೊನೆಗೆ ಅಕ್ಕನೇ ಮಾಡಿದಳು. ನಾನು ನನ್ನ ದೂರನ್ನೆಲ್ಲ ತೋಡಿಕೊಂಡೆ. ಅವಳು ಕೇಳುವಷ್ಟು ಕೇಳಿ, "ನಲವತ್ತ ವರ್ಷ ಹುಳುಕ ಬದನಿಕಾಯಿ ತಿಂದಾಕಿ ನಾನು. ನೀ ಒಂದ ಆಟಕ್ಕ ಬಾಯಿ ಬಡ್ಕೊಂತಿ" ಎಂದು ಫೋನು ಇಟ್ಟಳು.

ಶ್ವೇತಾ ಎರಡು ದಿನ ಅತ್ತಳು. ಮೂರನೆಯ ದಿನ ಮಾಮಾನ ಊರಿಗೆ ಹೋಗುತ್ತೇನೆಂದಳು. ಬೇಡವೆಂದೆ. ಏಪ್ರಿಲ್ ರಜೆ ಬಂದೊಡನೆ ತಾನೇ ಚೀಲ ತುಂಬಿಕೊಂಡು, ತಾಯಿಯ ಒಪ್ಪಿಗೆ ಪಡೆದು, ಬಸ್ಸು ಹತ್ತಿದಳು.

ಹದಿನೈದು ದಿನಗಳ ಮೇಲೆ ಅವಳನ್ನು ಕರೆತರಲು ಹೋದೆ. ಬಸ್‌ಸ್ಟ್ಯಾಂಡಿನಿಂದ ಮನೆಯ ತನಕ ಆಡಬೇಕಾದ ಮಾತುಗಳನ್ನು ಹರಿತ ಮಾಡಿಕೊಳ್ಳುತ್ತ ನಡೆದೆ. ಪಡಸಾಲೆಯಲ್ಲಿ ಇಬ್ಬರೂ ಆಡುತ್ತಿದ್ದರು. ಅದೇ ಪಿಂಗಾಣಿಯ ದಂಡು. ಕೈಮುರಿದ ಪಂಡಿತ ಹಲಗೆಗೆ ಹಿಂದಿರುಗಿದ್ದ; ಕೈಯನ್ನು ಈಗಲೂ ಅಂಟಿಸಿರಲಿಲ್ಲ, ಆದರೆ ಹೊಸಬರೂ ಗುರುತಿಸುವಂತೆ ಅವನ ನಡುವಿಗೆ ಒಂದು ಕೆಂಪು ದಾರ ಬಿಗಿದಿತ್ತು. ಮಾಮಾ ನನ್ನನ್ನು ನೋಡಿ, ನಿನ್ನೆ ಬಿಟ್ಟ ಮಾತನ್ನು ಮುಂದುವರಿಸುವವರಂತೆ ಕೇಳಿದರು.

"ಆವತ್ತ ಪೇಪರಿನ್ಯಾಗ ಫೋಟೊ ಬಂದಿತ್ತೇನು?"

"ಬಂದಿತ್ರಿ."

"ಛಲೋ ಬಂದಿತ್ತಾ?"

ಹರಿತ ಮಾಡಿಕೊಂಡು ಬಂದ ಮಾತುಗಳೆಲ್ಲ ಮೊಂಡಾದವು. ಈವರೆಗೆ ಓದಿದ ನಿಮಗೂ ನಾನು ಒಂದನ್ನು ಮರೆಮಾಚಿದ್ದೇನೆ. ಪಿಂಗಾಣಿಯ ಕಾಯಿ ಇಡಿಸೋಣವೆಂದು ರವಿಕುಮಾರನಿಗೆ ಹೇಳಿದಾಗ ನನ್ನ ಮನಸ್ಸಿನಲ್ಲಿ ಫೋಟೊ ಇತ್ತು ನಿಜ. ಅದರ ಹಿಂದೆ, ಅದಕ್ಕಿಂತ ಸ್ಪಷ್ಟವಾಗಿ, ಕೈಮುರಿದ ಒಂಟೆಯೂ ನಿಂತಿತ್ತು. ನನ್ನ ಮಗಳಿಗೆ ಗೊತ್ತು, ಆ ಹುಡುಗಿಗೆ ಗೊತ್ತಿಲ್ಲ ಎಂದು ನಾನು ಲೆಕ್ಕ ಹಾಕಿದ್ದೆ. ಗೋಡೆಗೊರಗಿ ಕೂತಿದ್ದ ಹುಲಿಗವ್ವನನ್ನು ಕಣ್ಣಾರೆ ಕಂಡ ಮೇಲೆಯೇ ಹಾಕಿದ್ದೆ.

"ಮಾಮಾ, ಆ ಕಾಯಿ ಇಡ್ರಿ ಅಂದಾವ ನಾನು" ಎಂದೆ. "ಯಾಕ ಅಂದೆ ಅಂತ ನಿಮಗ ಗೊತ್ತಿತ್ತೇನ್ರಿ?"

"ನೀ ಅಂದಿ" ಎಂದರು ಅವರು. "ಹೂಂ ಅಂದಾವ ನಾನು. ಹೂಂ ಅಂದ ಮ್ಯಾಲ ಅದು ನಂದು." ಎರಡೂ ಕೈಗಳು ಜೇಬಿನೊಳಗೆ ಹೋದವು. ಅವರ ಕಡೆಯಿಂದ ಆ ವಿಷಯ ಮುಗಿಯಿತು.

ಅವರು ಬೈದಿದ್ದರೆ ಎಷ್ಟು ಸುಖವಾಗುತ್ತಿತ್ತು! ಶ್ವೇತಾ ನಮ್ಮಿಬ್ಬರ ಮಾತನ್ನೂ ಕೇಳುತ್ತಿದ್ದಳು. ಕೇಳುತ್ತಲೇ ಕೈಚಾಚಿ, ಕುದುರೆಯನ್ನು ಹಿಡಿಯಬೇಕಾದಲ್ಲಿ ಪಕ್ಕದ ಆನೆಯನ್ನು, ಆ ಗೀರುಗಂಬವನ್ನು, ಮುಟ್ಟಿದಳು. "ಇರ್ಲಿ ಬಿಡವ್ವಾ, ಮನಿ ಆಟ" ಎಂದು ನನ್ನ ಬಾಯಿಗೆ ತಾನಾಗಿ ಬಂತು. ಅವಳು ತಲೆಯೆತ್ತಿ ನನ್ನನ್ನು ನೋಡಿದಳು, ಸ್ವಲ್ಪ ಹೆಚ್ಚು ಹೊತ್ತೇ ನೋಡಿದಳು. "ಮುಟ್ಟೀನಪ್ಪ" ಎಂದು ಆನೆಯನ್ನೇ ನಡೆಸಿದಳು. ಮಾಮಾರ ಕೆಂಪು ದಾರದ ಒಂಟೆ ಬಂದು ಅದನ್ನು ತಿಂದಿತು.

ಸಂಜೆ ಅಕ್ಕ ಬದನೆಕಾಯಿಗೆಂದು ಕಳಿಸಿದಳು. ಶಾಂತಕ್ಕನ ಮುಂದೆ ನಿಂತಾಗ ನನ್ನ ಎರಡೂ ಕೈಗಳು ಬೆನ್ನ ಹಿಂದೆ ಹೋಗಿದ್ದವು. ಯಾವಾಗ ಹೋದವೋ ತಿಳಿಯದು. ಇಂಥವರನ್ನು ನಾವು ಮೊಂಡರೆನ್ನುತ್ತೇವೆ, ಅವರ ನಿಯಮ ನಮ್ಮ ಕಾಲಿಗೆ ತೊಡರಿದಾಗಲೆಲ್ಲ ಬೈಯುತ್ತೇವೆ, ಬೈಯಲು ಸಾಕಷ್ಟು ಕಾರಣಗಳನ್ನು ಅವರೇ ಒದಗಿಸುತ್ತಾರೆ. ಅವರೊಡನೆ ಒಂದು ಬಸ್ಸಿನಲ್ಲಿ ಕೂರುವುದೂ ಕಷ್ಟ, ಒಂದು ಸೂರಿನಡಿ ಬಾಳುವುದಂತೂ ನಮ್ಮಕ್ಕನಂಥವರಿಗಷ್ಟೇ ಸಾಧ್ಯ. ಕುಂಬಳಕಾಯಿಯನ್ನು ಬೇಕಾದರೆ ತಿಂದು ಮುಗಿಸಬಹುದು. ಆದರೆ ಮುಟ್ಟಿದವರು ನಾವಾಗಿದ್ದು, ನಡೆಸಿದವರು ಅವರಾದಾಗ ಉಳಿಯುವ ಭಾರಕ್ಕೆ ಏನು ಮಾಡುವುದು? ತಪ್ಪು ನನ್ನದೆಂದು ನಾಲ್ಕು ಜನರೆದುರು ಹೇಳಿ ಹಗುರಾಗುವ ಅವಕಾಶವನ್ನೂ ಈ ಜನ ನಮಗೆ ಬಿಡುವುದಿಲ್ಲ. ನಮಗಿಂತ ಮೊದಲೇ ಎತ್ತಿ ತಮ್ಮ ಜೇಬಿಗೆ ಹಾಕಿಕೊಂಡಿರುತ್ತಾರೆ.